ಹಳದಿ ಬೋಗುಣಿ

ವರನ ಹೆಸರು ಕೇಳಿದಾಗ ಅವನು ತಡವರಿಸಿದ. ಅವನ ಕಣ್ಣು ವರ್ನಾಳ ತಲೆಯ ಹಿಂದಿನ ಕಪಾಟಿಗೆ ಹೋಗಿ, ಕಾಫಿ ಯಂತ್ರದ ಡಬ್ಬವೊಂದರ ಮೇಲೆ ನಿಂತು, ವಾಪಸು ಬಂತು.

"ವಾರೆನ್," ಎಂದ.

ಡಬ್ಬದ ಮೇಲೂ ಅದೇ ಹೆಸರಿತ್ತು. ಡುಲುತ್ ಊರಿನ ಆ ದೊಡ್ಡ ಅಂಗಡಿಯಲ್ಲಿ ಮದುವೆಯ ಉಡುಗೊರೆ ಪಟ್ಟಿ ಬರೆಸುವ ಮೇಜಿನ ಹಿಂದೆ ಕೂತೇ ವರ್ನಾಳ ಕೂದಲು ಬೆಳ್ಳಗಾಗಿತ್ತು. ನಾಚಿ ನೀರಾದ ವರರನ್ನು ಕಂಡಿದ್ದಳು, ಕುಡಿದು ಬಂದವರನ್ನೂ ಕಂಡಿದ್ದಳು. ತನ್ನ ಹೆಸರನ್ನು ಕಪಾಟಿನಲ್ಲಿ ಹುಡುಕಿದವನನ್ನು ಕಂಡಿರಲಿಲ್ಲ.

ವಧು ಮಾತ್ರ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಮಾರಿತ್ ಸೊಲ್ಬರ್ಗ್. ತಪ್ಪಾಗಬಾರದು ಮೇಡಂ. ಪೇಪರಲ್ಲಿ ಮದುವೆ ಸುದ್ದಿ ನೋಡಿ ಯಾರಾದ್ರೂ ಬೇರೆ ಊರಲ್ಲಿ ಹುಡುಕಿದ್ರೂ ಸಿಗಬೇಕು."

"ಸಿಗುತ್ತೆ ಮಗೂ. ನಮ್ಮ ಅಂಗಡಿ ಯಾವ ಊರಲ್ಲಿದ್ರೂ ಸರಿ, ಬಾಗಿಲ ಹತ್ರದ ಕಂಪ್ಯೂಟರಲ್ಲಿ ನಿನ್ನ ಹೆಸರು ಒತ್ತಿದ್ರೆ ಪಟ್ಟಿ ಬರುತ್ತೆ."

"ಯಾರು ಕೊಂಡ್ರು ಅಂತ ನಮಗೆ ಗೊತ್ತಾಗುತ್ತಾ?"

"ಹೆಸರು, ವಿಳಾಸ ಎರಡೂ. ಇಲ್ದಿದ್ರೆ ಧನ್ಯವಾದದ ಕಾಗದ ಎಲ್ಲಿಗೆ ಹಾಕ್ತೀಯ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬತ್ತಿದ ಬಾವಿಗೆ ಮತ್ತೊಮ್ಮೆ ಹಗ್ಗ ಇಳಿಬಿಡುವವರ ನೋಟ ಅದು.

ಬೇಕಾದ ಸಾಮಾನನ್ನು ಗುರುತು ಹಾಕುವ ಸ್ಕ್ಯಾನರ್ ಹಿಡಿದು ಹೊರಟರು. ವರ್ನಾ ಹಿಂದೆಯೇ ನಡೆದಳು. ಬೋಗುಣಿಗಳ ಸಾಲಿನಲ್ಲಿ ಜಗಳ ಹತ್ತಿತು.

"ಹಸಿರು."

"ಹಳದಿ. ಒಳಗಡೆ ಬಿಳಿ. ನಿಂಗೆ ಬಣ್ಣ ಯಾವತ್ತು ಗೊತ್ತಾಗಿದೆ? ಒಂದು ಕಾಲಿಗೆ ಕರೀದು, ಇನ್ನೊಂದಕ್ಕೆ ನೀಲೀದು ಸಾಕ್ಸ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೋನು ನೀನು."

"ಅವಳ ಹತ್ರ ಇದ್ದಿದ್ದು ಹಸಿರೇ."

"ಹೋಗುವಾಗ ಅವಳು ತಗೊಂಡು ಹೋಗಿದ್ದು ಅದೊಂದೇ, ಲೀಫ್. ಕಿಟಕೀಲಿ ನಿಂತು ನೋಡಿದೀನಿ ನಾನು. ಹಳದಿ."

ಲೀಫ್ ಎಂದು ಅವನ ನಿಜ ಹೆಸರನ್ನೇ ಕರೆದುಬಿಟ್ಟದ್ದು ತಿಳಿದು ಹುಡುಗಿ ನಾಲಿಗೆ ಕಚ್ಚಿಕೊಂಡಳು.

ವರ್ನಾಗೆ ಎಲ್ಲ ಅರ್ಥವಾದಂತಾಯಿತು. ಸುಳ್ಳು ಹೆಸರು. ಮೇಲೆ ಇನ್ನೊಬ್ಬಳು. ಇವನ ಮನೆ ತುಂಬಿ, ಬಿಟ್ಟು ಹೋದವಳು. ಪಕ್ಕದ ಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿಕೊಂಡು ಬೆಳೆದ ಈ ಹುಚ್ಚು ಹುಡುಗಿ ಈಗ ಅವಳ ಪಾತ್ರೆಗಳನ್ನೇ ಹುಡುಕಿ ಜೋಡಿಸುತ್ತಿದ್ದಾಳೆ.

ಮಾರಿತ್ ಬೋಗುಣಿಯನ್ನು ಸೊಂಟಕ್ಕೆ ಆನಿಸಿಕೊಂಡಳು. ತುಟಿಯೊಳಗೇ ಒಂದು ಕೀರ್ತನೆ ಹೇಳಿಕೊಳ್ಳುತ್ತ ಬರಿಯ ಕೈಯಿಂದ ಬರಿಯ ಗಾಳಿಯನ್ನು ಕಲಸಿದಳು. "ಕೀರ್ತನೆ ಮುಗಿಯೋಷ್ಟರಲ್ಲಿ ಹಿಟ್ಟು ಹದಕ್ಕೆ ಬರಬೇಕು ಅಂತಿದ್ಲು."

ಅವನು ಮುಖ ತಿರುಗಿಸಿದ. "ಹಳದೀನೇ ಹಾಕು."

ವಾತಾವರಣ ತಿಳಿಯಾಗಲೆಂದು ವರ್ನಾ ಜೋಡಿ ಹಾಸಿಗೆಯ ಹೊದಿಕೆಗಳತ್ತ ಕೈ ತೋರಿದಳು.

"ಅದು ಬೇಡ," ಎಂದರು ಇಬ್ಬರೂ ಒಟ್ಟಿಗೆ. ಹೇಳಿ, ಒಂದೊಂದು ಹೆಜ್ಜೆ ದೂರ ಸರಿದರು.

"ಬಾಳಿ ಬಾಳಿ ಗಂಡ ಹೆಂಡ್ತಿ ಮುಖ ಒಂದೇ ಥರ ಆಗುತ್ತೆ ಅಂತಾರಪ್ಪ. ನಿಮಗೆ ಈಗಲೇ ಆಗಿಬಿಟ್ಟಿದೆ!"

ಹೇಳಿ ವರ್ನಾ ಒಬ್ಬಳೇ ನಕ್ಕಳು.

ಅವನು ಕಾರಿನ ಮೇಲಿನ ಹಿಮ ಕೆರೆಯಲು ಹೊರಗೆ ಹೋದಾಗ ವರ್ನಾ ಹುಡುಗಿಯ ಕೈ ಹಿಡಿದಳು. "ತಪ್ಪು ತಿಳ್ಕೋಬೇಡ ಮಗೂ. ಇನ್ನೊಬ್ಬಳನ್ನ ಮನಸ್ಸಲ್ಲಿ ಇಟ್ಕೊಂಡಿರೋನ ಜೊತೆ ಬಾಳೋದು ಕಷ್ಟ."

"ಅವನೂ ಮರೆತಿದ್ರೆ ನಾನೊಬ್ಳೇ ಹುಡುಕಬೇಕಾಗ್ತಿತ್ತು ಮೇಡಂ."

"ಹುಡುಕಿ ಏನ್ಮಾಡ್ತೀಯ?"

"ಯಾಕೆ ಹೋದೆ ಅಂತ ಕೇಳ್ತೀನಿ. ಅಷ್ಟೆ."

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಫೋನು. "ಯಾರಾದ್ರೂ?" "ಇಲ್ಲ ಮಗೂ." ಸರೋವರದ ಮಂಜುಗಡ್ಡೆ ಒಡೆಯಿತು, ಬಂದರಿಗೆ ಹಡಗುಗಳು ಬರತೊಡಗಿದವು, ಮದುವೆಯ ದಿನ ಹತ್ತಿರವಾಯಿತು. ಪಟ್ಟಿ ಬರೆದಿಟ್ಟ ಹಾಗೆಯೇ ಇತ್ತು. ಒಂದು ಚಮಚವನ್ನೂ ಯಾರೂ ಕೊಂಡಿರಲಿಲ್ಲ.

ಇಂಥ ಅನಾಥ ವಧುವನ್ನು ವರ್ನಾ ಎಂದೂ ಕಂಡಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿದಾಗ ಆ ಹುಡುಗಿಯ ಕೈ ಗಾಳಿಯನ್ನು ಕಲಸುವುದೇ ಕಣ್ಣಿಗೆ ಕಟ್ಟಿತು. ದೇವರೇ ಹೇಳಿಸುತ್ತಿದ್ದಾನೆ ಅನ್ನಿಸಿತು. ಅಲ್ಲಿಂದ ನೇರ ಅಂಗಡಿಗೆ ಹೋಗಿ ಹಳದಿ ಬೋಗುಣಿಯನ್ನು ತಾನೇ ಕೊಂಡಳು. ಹುಡುಗಿಗೆ ಮುಜುಗರವಾಗಬಾರದೆಂದು ಹೆಸರು, ವಿಳಾಸದ ಜಾಗ ಖಾಲಿ ಬಿಟ್ಟಳು. ಕಾರ್ಡಿನ ಮೇಲೆ ಯಂತ್ರದಲ್ಲಿ ಅಚ್ಚು ಹಾಕಿಸಿದ್ದು ಇಷ್ಟೇ: "ನಿನ್ನ ಒಳಿತು ಬಯಸುವವಳು."

ಸೋಮವಾರ ಫೋನು ಬಂದಾಗ ವರ್ನಾಳ ದನಿಯಲ್ಲಿ ಹಬ್ಬವಿತ್ತು. "ಒಂದು ಹೋಗಿದೆ ಮಗೂ! ಹಳದಿ ಬೋಗುಣಿ."

ಆ ಕಡೆ ಫೋನು ಕುಕ್ಕಿದ ಸದ್ದಾಯಿತು.

ಫೋನು ಇಟ್ಟು ಇನ್ನೂ ಕಾಫಿ ಆರಿರಲಿಲ್ಲ, ಇಬ್ಬರೂ ಮೇಜಿನ ಮುಂದಿದ್ದರು. ಅವನ ಕೋಟಿನ ಗುಂಡಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ವರ್ನಾ ತೆಗೆದುಕೊಟ್ಟ ಬೋಗುಣಿಯ ಡಬ್ಬವನ್ನು ಮಾರಿತ್ ಬಿಚ್ಚಿದಳು, ಕಾರ್ಡು ಓದಿದಳು, ತಿರುಗಿಸಿ ನೋಡಿದಳು.

"ಹೆಸರು ಹಾಕಿಲ್ಲ. ಅವಳೇ, ಲೀಫ್! ಇಷ್ಟು ಸಾಮಾನಲ್ಲಿ ಇದೇ ಬೇಕು ಅಂತ ಇನ್ಯಾರಿಗೆ ಗೊತ್ತು? ಯಾವ ಊರು ಮೇಡಂ? ವಿಳಾಸ ಕೊಡಿ, ನಾವು ಈಗಲೇ ಹೊರಡ್ತೀವಿ."

ವರ್ನಾಳ ನಗು ಎಲ್ಲಿಗೂ ಹೋಗಲಾರದೆ ಮುಖದ ಮೇಲೇ ನಿಂತಿತು.

"ಇದೇ ಊರು ಮಗೂ. ನಾನೇ ಕೊಂಡಿದ್ದು. ಮದುವೆ ಹತ್ರ ಬಂತು, ಯಾರೂ ಏನೂ ಕೊಳ್ಳಲಿಲ್ವಲ್ಲ, ನೋಡಕ್ಕಾಗಲಿಲ್ಲ."

"ಮದುವೆ," ಎಂದಳು ಮಾರಿತ್, ಆ ಮಾತನ್ನು ಮೊದಲ ಸಲ ಕೇಳಿದವಳ ಹಾಗೆ.

"ಅಮ್ಮ ಅಲ್ಲ, ಪುಟ್ಟಿ," ಎನ್ನುತ್ತ ಅಣ್ಣ ತಂಗಿಯ ಕೈಯಿಂದ ಬೋಗುಣಿಯನ್ನು ಮೆಲ್ಲಗೆ ಬಿಡಿಸಿಕೊಂಡ.