ನಾಳಿನ ಪಾಲಿನ ದೋಸೆ

ದೇಶದ ಹೊಗೆಯ ಲೆಕ್ಕಕ್ಕೆಂದು ಒಲೆಗೊಂದು ಮೀಟರು, ಮನುಷ್ಯನಿಗೊಂದು ದಿನದ ಪಾಲು ನಿಗದಿಯಾಗಿದ್ದ ಕಾಲ. ಸೌದೆ ಒಲೆಯ ಮೀಟರು ಕೆಂಪಾಯಿತೆಂದು ದಾವಣಗೆರೆಯ ಹಾಲಮ್ಮನ ದೋಸೆ ಹೋಟೆಲಿಗೆ ಬೀಗ ಜಡಿಯಲು ಹರಿಹರದಿಂದ ಅಧಿಕಾರಿ ಕೊಟ್ರೇಶಪ್ಪ ಬಂದರು.

“ಬೀಗ ಆಮ್ಯಾಲ ಹಾಕೀರಂತ ಸಾಹೇಬ್ರ, ಮೊದ್ಲು ಒಂದು ದೋಸೆ ತಿನ್ರಿ,” ಎಂದಳು ಹಾಲಮ್ಮ.

ಒಂದೇ ಎಂದು ಕೂತವರು ಬೆಣ್ಣೆಯ ರುಚಿಗೆ ಸೋತು ನಾಲ್ಕು ತಿಂದರು. ಆಮೇಲೆ ಬೀಗ ತರಲು ಹೋದರೆ, ಅದನ್ನಿಟ್ಟಿದ್ದ ಸರ್ಕಾರಿ ಜೀಪು ಬಾಗಿಲನ್ನೇ ತೆರೆಯಲಿಲ್ಲ. “ನಿಮ್ಮ ಇವತ್ತಿನ ಹೊಗೆಯ ಪಾಲು ಮುಗಿದಿದೆ. ದಯವಿಟ್ಟು ನಡೆದು ಹೋಗಿ,” ಎಂದಿತು. ಒಲೆಯ ಹೊಗೆಯನ್ನು ದೋಸೆ ತಿಂದವರ ಪಾಲಿನಿಂದಲೂ ಕಳೆಯುವ ನಿಯಮ ಕೊಟ್ರೇಶಪ್ಪನವರಿಗೆ ಆಗ ನೆನಪಾಯಿತು. ಪೆಚ್ಚಾಗಿ ಹೋಟೆಲಿನತ್ತ ತಿರುಗಿದರು.

“ಹರಿಹರ ಮುಟ್ಟೋದ್ರಾಗ ಮತ್ತ ಹಸೀತೈತಿ,” ಎಂದು ಹಾಲಮ್ಮ ಹೆಂಚಿಗೆ ನೀರು ಚಿಮುಕಿಸಿದಳು. “ನಾಳಿನ ಪಾಲಿನಾಗ ಇನ್ನೊಂದು ಹಾಕ್ಲೇನ್ರಿ?”