ಕೆಂಪು ಬೆಳಕು

ಮಗಳ ಮುಖದಿಂದ ಎಲ್‌ಇಡಿ ಮಾಸ್ಕ್ ತೆಗೆದ ತಂಗೆವ್ವ ಕಣ್ಣರಳಿಸಿದಳು. ಗಂಗಾಳ ಗೋಧಿಬಣ್ಣದ ಕೆನ್ನೆಗೆ ಕೊನೆಗೂ ಕೆಂಪು ಏರಿತ್ತು. ಮದುವೆ ನಿಶ್ಚಯವಾದ ಮೇಲೆ ಎಂ.ಕೆ. ಹುಬ್ಬಳ್ಳಿಯ ಬೀಗತಿ ಕಳಿಸಿದ್ದ ಮಾಸ್ಕ್ ಅದು. ಅದರ ಕೆಂಪು ಬೆಳಕಿಗೆ ದಿನಾ ಮುಖ ಒಡ್ಡಿದರೆ ಹುಡುಗಿಗೆ ಕಳೆ ಬರುತ್ತದಂತೆ. ಮೈ ಸುಡುತ್ತಿದೆ ಎಂದು ಗಂಗಾ ಎರಡು ದಿನದಿಂದ ಗೋಗರೆಯುತ್ತಿದ್ದಳು. "ಬೆಳಕಿನ ಕಾವ ಅದು, ಸುಮ್ನ ಮಲ್ಕೊ" ಎಂದು ತಂಗೆವ್ವ ಗದರಿದ್ದಳು. ಇವತ್ತು ಹುಡುಗಿ ತಕರಾರು ತೆಗೆಯದೆ ತಾನೇ ಹಾಕಿಕೊಂಡು ಮಲಗಿದ್ದಳು.

ತಂಗೆವ್ವ ಅಲ್ಲೇ ವಿಡಿಯೋ ಕಾಲ್ ಹಚ್ಚಿದಳು. "ನೋಡ್ರಿ ಬೀಗತ್ಯಾರ, ನಿಮ್ಮ ಸೊಸಿ ಮಾರಿ ಹೆಂಗಾಗೇತಿ!"

"ಈಗ ಬಂತ ನೋಡ್ರಿ ಕಳೆ! ಮಾಸ್ಕ್ ಹಚ್ಚಿದಾಗ ಹೆಂಗ ಕಾಣತಾಳ, ಅದನ್ನೂ ತೋರಸ್ರಿ."

ತಂಗೆವ್ವ ಗುಂಡಿ ಒತ್ತಿದಳು. ಬೆಳಕು ಬರಲಿಲ್ಲ. ಮತ್ತೆ ಒತ್ತಿದಳು. ಚಾರ್ಜಿಗೇನೋ ಹಾಕಿಟ್ಟಿದ್ದಳು. ಆದರೆ ನಿನ್ನೆ ಸಂಜೆಯಿಂದ ತಮ್ಮೂರು ದೊಡವಾಡದಲ್ಲಿ ಕರೆಂಟೇ ಇರಲಿಲ್ಲ.

ಹಾಗಾದರೆ ಈ ಕೆಂಪು?

ಕೆನ್ನೆ ಮುಟ್ಟಿದಳು. ಒಲೆಯ ಮೇಲಿನ ಹಂಚಿನಂತೆ ಸುಡುತ್ತಿತ್ತು. ಕುತ್ತಿಗೆಯ ತುಂಬ, ತೋಳಿನ ತುಂಬ ಕೆಂಪು ಚುಕ್ಕೆಗಳು. ಮುಖ ಹೊರಳಿಸಿದರೆ, ವಸಡಿನಿಂದ ಒಸರಿದ ರಕ್ತ ದಿಂಬಿಗೆ ಹತ್ತಿತ್ತು. "ಗಂಗಾ... ಏ ಗಂಗವ್ವಾ, ಕಣ್ಣ ತಗಿಯವಾ!" ಹುಡುಗಿ ಕಣ್ಣು ತೆರೆಯಲಿಲ್ಲ.

ಹಾಸಿಗೆಯ ಮೇಲೆ ಬಿದ್ದಿದ್ದ ಫೋನಿನಿಂದ ಬೀಗತಿಯ ದನಿ ಬರುತ್ತಲೇ ಇತ್ತು: "ಮದುವಿ ತನಕ ಬಿಡಬ್ಯಾಡ್ರಿ. ದಿನಾ ಹಚ್ಚರಿ."