ಹತ್ತು ದಿನದ ನಕಲು

ಪರದೆಯ ಮೇಲಿನ ವೀರ ಗುರಾಣಿ ಎತ್ತಿಕೊಂಡು ನಿಂತಿದ್ದ. ಮಗಳು ತನ್ನ ಆಟಗಾರನಿಂದ ಮೂರು ಸಲ ಹೊಡೆಸಿದಳು. ಅವನು ಮೂರು ಹೆಜ್ಜೆ ಹಿಂದೆ ಸರಿದ. ಕತ್ತಿಗೆ ಕೈ ಹಾಕಲಿಲ್ಲ.

ಅವನ ಬುದ್ಧಿಯೆಲ್ಲ ಇದ್ದದ್ದು ಮೇಜಿನ ಮೇಲಿನ ಪುಟ್ಟ ಗೊಂಬೆಯ ಪೀಠದೊಳಗಿನ ಚಿಪ್‌ನಲ್ಲಿ. ಗೊಂಬೆಯನ್ನು ಆಟದ ಯಂತ್ರಕ್ಕೆ ಮುಟ್ಟಿಸಿದರೆ ವೀರ ಪರದೆಗೆ ಬರುತ್ತಿದ್ದ. ಎದುರು ಆಡುವವರನ್ನು ನೋಡಿ ನೋಡಿಯೇ ಕಲಿಯುತ್ತಿದ್ದ. ಮಗಳು ಎರಡು ವರ್ಷ ಅವನನ್ನು ಪಳಗಿಸಿದ್ದಳು. ನಾಳೆ ಬೆಳಗ್ಗೆ ಗೊಂಬೆಗಳ ಪಂದ್ಯ. ಅಲ್ಲಿ ಯಾರೂ ಗುಂಡಿ ಒತ್ತುವ ಹಾಗಿಲ್ಲ, ಗೊಂಬೆಗಳೇ ಕಾದಾಡಬೇಕು.

“ಅಮ್ಮ, ನಾನು ಟ್ರೇನಿಂಗಿಗೆ ಹೋಗಿದ್ದಾಗ ಇದನ್ನ ಯಾರಾದ್ರೂ ಮುಟ್ಟಿದ್ರಾ?”

ತಾಯಿ ಮಡಚಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಚಿದಳು. ಹತ್ತು ದಿನ ಸುಮ್ಮನೆ ಬಿಟ್ಟರೆ ಕಲಿತದ್ದೆಲ್ಲ ಮರೆತುಹೋದೀತೆಂದು ದಿನಕ್ಕೆ ಅರ್ಧ ಗಂಟೆ ತಾನೇ ಆಡಿಸಿದ್ದಾಗಿ ಹೇಳಿದಳು.

ಮಗಳು ಗಾಬರಿಯಾಗಲಿಲ್ಲ. ಟ್ರೇನಿಂಗಿಗೆ ಹೊರಡುವ ಮುಂಚೆ ಗೊಂಬೆಯ ಬುದ್ಧಿಯ ನಕಲೊಂದನ್ನು ಅಮ್ಮನ ಫೋನಿನಲ್ಲಿಟ್ಟು, ನಕಲು ತೆಗೆಯುವುದನ್ನೂ ಕಲಿಸಿಕೊಟ್ಟಿದ್ದಳು. ಅದನ್ನೀಗ ಅಂಥದೇ ಚಿಪ್ ಇರುವ, ನಾಣ್ಯದಗಲದ ಖಾಲಿ ಟ್ಯಾಗೊಂದಕ್ಕೆ ಇಳಿಸಿ ಯಂತ್ರಕ್ಕೆ ಮುಟ್ಟಿಸಿದಳು. ಟ್ಯಾಗಿನಿಂದ ಬಂದ ವೀರನೂ ಗುರಾಣಿ ಎತ್ತಿಕೊಂಡು ಹಿಂದೆ ಸರಿದ.

“ದಿನಾ ಆಡಿದ ಮೇಲೆ ಮರೀದೆ ನಕಲು ತೆಗೀತಿದ್ದೆ,” ಎಂದಳು ತಾಯಿ. “ಹಳೇದರ ಮೇಲೇ ಉಳಿಸಲಾ ಅಂತ ಫೋನು ಕೇಳ್ತಿತ್ತು. ಹೂಂ ಅಂತ ಒತ್ತಿದೆ.”

“ಹತ್ತು ದಿನಾನೂ?”

“ಒಂದಿನ ಅನುಮಾನ ಬಂದು ಎರಡು ಸಲ.”

ಮಗಳು ಸಿಟ್ಟೆಲ್ಲ ಬೆರಳಿಗೆ ಬಂದಂತೆ ಗುಂಡಿ ಒತ್ತತೊಡಗಿದಳು. ಅವಳ ಆಟಗಾರ ಗಾಳಿಗೆ ಕತ್ತಿ ಬೀಸುತ್ತ ಜಾರಿ ಅಖಾಡದ ಅಂಚಿಗೆ ಬಂದು ನಿಂತ. ಕೆಳಗೆ ಬರೀ ಕತ್ತಲೆ. ಆಗ ಮೊದಲ ಸಲ ವೀರ ಮುಂದೆ ಬಂದ. ಅವಳ ಆಟಗಾರನನ್ನು ಬಳಸಿಕೊಂಡು ಹೋಗಿ, ಅವನಿಗೂ ಪ್ರಪಾತಕ್ಕೂ ನಡುವೆ ಅಡ್ಡ ನಿಂತ.

ಆಡುವಾಗ ವೀರ ಬಿದ್ದುಗಿದ್ದಾನೆಂದು ತಾನು ದಿನಾ ಹಾಗೇ ನಿಲ್ಲುತ್ತಿದ್ದೆ ಎಂದು ತಾಯಿ ಮೆಲ್ಲಗೆ ಒಪ್ಪಿಕೊಂಡಳು.

“ನಾಳೆ ಎದುರಾಳಿ ಗೊಂಬೆಯನ್ನೂ ಹೀಗೇ ಕಾಯ್ತಾನಾ ಇವನು?”

ತಾಯಿ ಟವೆಲನ್ನು ಮತ್ತೆ ಬಿಡಿಸಿದಳು.

“ಅದನ್ನೂ ಯಾರೋ ಸಾಕಿರ್ತಾರಲ್ಲ,” ಎಂದಳು.